ಹಿಂದಿನ ದಿನದ ಹಿಟ್ಟು

ನಮ್ಮಕ್ಕ ಫಲೇಸಿಯ ಅಂಗಳದಲ್ಲಿ ಎರಡು ವರ್ಷದಿಂದ ಹೊರಗಿನವರು ಯಾರೂ ಊಟಕ್ಕೆ ಕೈ ತೊಳೆದಿರಲಿಲ್ಲ. ಈ ಚಳಿಗಾಲ ಶುರುವಾಗುವ ಹೊತ್ತಿಗೆ ಅವಳ ಕಾಲು ಬಾತುಕೊಂಡಿತು. ಬೋರ್‌ವೆಲ್‌ಗೆ ಹೋಗಿ ಬರುವಷ್ಟರಲ್ಲಿ ಉಸಿರು ಸಾಲದೆ ದಾರಿಯಲ್ಲೇ ಕೂರತೊಡಗಿದಳು. ಆಸ್ಪತ್ರೆಯವರು ಹೃದಯ ಸೋತಿದೆ ಅಂತ ಮಾತ್ರೆ ಕೊಟ್ಟರು. ಅವಳಿಗೆ ಹೃದಯದ ಚಿಂತೆ ಇರಲಿಲ್ಲ, ಬೇರೆ ಚಿಂತೆ ಇತ್ತು.

"ಡೊರಿಕಾ, ನಾನು ಸತ್ರೆ ಗುಂಡಿ ತೋಡೋಕೆ ಯಾರು ಬರ್ತಾರೆ ಹೇಳು" ಅಂದಳು ಒಂದು ದಿನ, ಕಾಳು ಬಿಡಿಸುತ್ತಾ.

"ಮೊದ್ಲು ಈ ಬುಟ್ಟಿ ಮುಗ್ಸು, ಆಮೇಲೆ ಸಾಯುವೆಯಂತೆ" ಅಂದೆ ನಾನು. ಒಡಹುಟ್ಟಿದವಳು ಹಾಗೆ ಕೇಳಿದರೆ ಇನ್ನೇನು ಅನ್ನಲಿ?

ಅವಳು ಸುಮ್ಮನೆ ಕೇಳಿದ್ದಲ್ಲ. ನಮ್ಮೂರಲ್ಲಿ ಸಾವಾದ ದಿನ ಯಾರೂ ಹೊಲಕ್ಕೆ ಹೋಗುವುದಿಲ್ಲ, ಒನಕೆ ಹಿಡಿಯುವುದಿಲ್ಲ, ಮಿಲ್ಲಿನ ಬಾಗಿಲು ತೆಗೆಯುವುದಿಲ್ಲ. ಪ್ರತಿ ಮನೆಯ ಹೆಂಗಸೂ ಒಂದು ತಟ್ಟೆ ಜೋಳದ ಹಿಟ್ಟು ಹೊತ್ತು ಸಾವಿನ ಮನೆಗೆ ಹೋಗಬೇಕು. ಎರಡು ವರ್ಷದ ಹಿಂದೆ ಯಾಕೋಬೆಯ ತಾಯಿ ತೀರಿಕೊಂಡ ದಿನ ಅಕ್ಕನ ಮನೆ ಡಬ್ಬಿಯಲ್ಲಿ ಹಿಟ್ಟಿರಲಿಲ್ಲ. ಬರಿಗೈಯಲ್ಲಿ ಹೇಗೆ ಹೋಗುವುದು ಅಂತ ಗಂಡನನ್ನು ಕಾಡಿದಳು. "ಒಂದೇ ತಟ್ಟೆ, ಒಂದು ಗಳಿಗೆ, ಬೀಸಿಕೊಡಿ." ಅವಳ ಗಂಡ ಬಿಜಿವೆಕಿ ಭಾವ ಹೆಂಡತಿಯ ಊರಿಗೆ ಬಂದು ನೆಲೆಸಿದವನು, ಊರಿಗೆಲ್ಲ ಅಳಿಯ; ಅವನ ಡೀಸೆಲ್ ಮಿಲ್ಲು ಮನೆಯ ಪಕ್ಕ, ಊರಂಚಿಗೇ ಇದೆ. ಇಂಜಿನ್ ಶುರು ಮಾಡಿದ. ಆ ಹೊತ್ತಿಗೆ ಸರಿಯಾಗಿ ಹೆಂಗಸರು ಹೆಣದ ಸುತ್ತ ಕೂತು ಹಾಡು ಎತ್ತಿದ್ದರು. ಅಷ್ಟು ಜನ ಹಾಡಿದ್ದು ಯಾರಿಗೂ ಕೇಳಿಸಲಿಲ್ಲ, ಮಿಲ್ಲೊಂದೇ ಕೇಳಿಸಿತು.

ಯಾಕೋಬೆ ಗುಂಡಿ ತೋಡುವವರ ಗುಂಪಿನ ಹಿರಿಯ. "ಆ ಮನೆಗೆ ನಾವು ಗುದ್ದಲಿ ಎತ್ತಲ್ಲ" ಅಂದ. ಊರ ಯಜಮಾನರು ಪಂಚಾಯ್ತಿ ಸೇರಿಸಿ, ಒಂದು ಮೇಕೆ ಕೊಡು, ಎಲ್ಲರೂ ಕೂತು ಉಣ್ಣೋಣ, ಮುಗೀಲಿ ಅಂದರು. ಅಲ್ಲಿಯತನಕ ಆ ಮನೆಯಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಭಾವ ಕಂಬದ ಹಾಗೆ ನಿಂತಿದ್ದ. "ಹೆಂಡತಿ ಕೇಳಿದಳು, ಸತ್ತವಳಿಗೇ ಅಂತ ಬೀಸಿದೆ" ಅಂತ ಒಂದು ಮಾತು ಆಡಲಿಲ್ಲ. ಮೇಕೆಯನ್ನೂ ಕೊಡಲಿಲ್ಲ. ಕೊಟ್ಟರೆ ಬೇಕಂತಲೇ ಮಾಡಿದೆ ಅಂತಾಗುತ್ತದಂತೆ. ಅಕ್ಕ ನಾಚಿಕೆಯಲ್ಲಿ ಇವತ್ತು ಹೇಳ್ತೀನಿ ನಾಳೆ ಹೇಳ್ತೀನಿ ಅಂದುಕೊಂಡೇ ಉಳಿದಳು. ಮನೆಯೊಳಗೆ ನಮಗೆಲ್ಲ ಗೊತ್ತು, ಹೊರಗೆ ಒಬ್ಬರಿಗೂ ಗೊತ್ತಿಲ್ಲ. ಊರ ಹೆಂಗಸರು ಗುಡ್ಡ ಹತ್ತಿಳಿದು ಗಡಿಯಾಚೆ ಮೊಜಾಂಬಿಕ್ ಕಡೆಯ ಮಿಲ್ಲಿಗೆ ಜೋಳ ಹೊರತೊಡಗಿದರು. ನಮ್ಮ ಮಿಲ್ಲಿನ ಬೆಲ್ಟಿನ ಮೇಲೆ ಕೋಳಿ ಕೂತಿತು.

ನನ್ನ ಮನೆ ಅವಳ ಮನೆಗೆ ಅಂಟಿಕೊಂಡೇ ಇದೆ, ನಡುವೆ ಒಂದು ಕುಂಬಳ ಬಳ್ಳಿ. ನನ್ನ ಮೇಲೆ ಊರಿನ ಕಟ್ಟು ಇಲ್ಲ, ನಮ್ಮ ಅವ್ವ ಎನೆಲೆಸಿ ನನ್ನ ಜೊತೆ ಇರುವುದರಿಂದ ಅವಳ ಮೇಲೂ ಇಲ್ಲ. ಎರಡೂ ಕಡೆ ಉಂಡು ಎರಡೂ ಕಡೆ ಬೈಸಿಕೊಳ್ಳುವುದು ನನ್ನ ಹಣೆಬರಹ.

ಅಕ್ಕನ ಮಗಳು ಮ್ವಾಯಿ ಹೈಸ್ಕೂಲು ಮುಗಿಸಿ ಹಾಸ್ಟೆಲ್ಲಿಂದ ಬಂದಳು. ಬಂದ ವಾರವೇ ಒಂದು ಹಾಳೆ ಹಿಡಿದು ಅಂಗಳದಲ್ಲಿ ಕೂತಳು. ಮಡಚಿದಳು, ಮತ್ತೆ ಮಡಚಿದಳು, ನಡುವೆ ಒಂದು ಸೀಳು ಕೊಟ್ಟಳು, ಎರಡು ಕಡೆಯಿಂದ ಒತ್ತಿದಳು. ಹಾಳೆ ಎಂಟು ಪುಟದ ಪುಟ್ಟ ಪುಸ್ತಕವಾಗಿ ಎದ್ದು ಕೂತಿತು.

"ಇದೇನೇ, ಹೊಗೆಸೊಪ್ಪು ಸುತ್ತೋಕಾ?" ಅಂದಳು ಅವ್ವ.

"ಪುಸ್ತಕ ಅಜ್ಜಿ. ನಮ್ಮ ಟೀಚರ್ ಕಲಿಸಿದ್ದು. ನಾವೇ ಬರ್ದು, ನಾವೇ ಚಿತ್ರ ಬಿಡಿಸಿ, ಝೆರಾಕ್ಸ್ ಮಾಡಿ ಹಂಚೋದು. ಊರಿನ ವಿಷಯ ಊರಿಗೇ."

"ಊರಿನ ವಿಷಯ ಊರಿಗೆ ಗೊತ್ತಿಲ್ವಾ? ಅದಕ್ಕೆ ಕಾಗದ ಬೇಕಾ?"

"ಕಾಳಿಗೆ ಹುಳ ಬೀಳದ ಹಾಗೆ ನೀನು ಯಾವ ಬೂದಿ ಹಾಕ್ತೀಯ ಅಂತ ಯಾರಿಗೆ ಗೊತ್ತು ಅಜ್ಜಿ?"

ಅವ್ವ ಬೀಗಿದಳು. "ಯಾರಿಗೂ ಗೊತ್ತಿಲ್ಲ. ಬರ್ಕೋ."

ಮೊದಲ ಪುಸ್ತಕ ಪೂರ್ತಿ ಅವ್ವನ ಬೂದಿಯದೇ. ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಮ್ವಾಯಿ ಕಸ ಗುಡಿಸಿ, ಜನರ ಅರ್ಜಿ ಬರೆದುಕೊಟ್ಟು, ಬದಲಿಗೆ ಪ್ರತಿ ತೆಗೆಸಿಕೊಂಡು ಬಂದಳು. ಹಂಚುವುದು ಯಾರು? ಅವಳು ಹೋದರೆ ಬಾಗಿಲು ಹಾಕುತ್ತಾರೆ ಅಂತ ಹೆದರಿಕೆ. ನಾನೇ ಸೊಂಟಕ್ಕೆ ಚಿತೆಂಜೆ ಬಟ್ಟೆ ಬಿಗಿದುಕೊಂಡು ಹೊರಟೆ. ಮೊದಲು ಯಜಮಾನರ ಹೆಂಡತಿಯ ಮನೆ. ಆಕೆ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಫಲೇಸಿ ಮನೆಯಿಂದ ಬಂದದ್ದಾ?"

"ಹೌದಮ್ಮಾ. ಬೇಡ ಅಂದ್ರೆ ವಾಪಸ್ ಕೊಡಿ, ಬೇಜಾರಿಲ್ಲ."

"ಅವರ ಹಿಟ್ಟು ಮುಟ್ಟಬಾರ್ದು ಅಂದಿದ್ದೀವಿ. ಕಾಗದ ಮುಟ್ಟಬಾರ್ದು ಅಂತ ಯಾರೂ ಅಂದಿಲ್ವಲ್ಲ" ಅಂದರು ಆಕೆ, ಮೊಮ್ಮಗನನ್ನು ಕರೆದು ಓದಲು ಕೂರಿಸಿದರು.

ಅಲ್ಲಿಂದ ಶುರುವಾಯಿತು ನೋಡಿ. ಎರಡು ದಿನಕ್ಕೆ ಹೊಳೆಯಾಚೆಯ ಕೇರಿಯಿಂದ ಜಗಳ ಬಂತು. ಎನೆಲೆಸಿ ಅಜ್ಜಿಯ ಬೂದಿ ತಪ್ಪು, ಬೇವಿನ ಎಲೆ ಸೇರಿಸದಿದ್ದರೆ ಹುಳ ನಗುತ್ತೆ ಅಂತ. "ಹಾಗಾದ್ರೆ ನಿಮ್ಮದನ್ನೂ ಹೇಳಿ, ಮುಂದಿನದ್ರಲ್ಲಿ ಹಾಕ್ತೀನಿ" ಅಂದಳು ಮ್ವಾಯಿ. ಒಂದು ಮನೆಗೆ ಒಂದು ಪುಟ ಅಂತ ಮಾಡಿದಳು. ಒಬ್ಬಳು ಮಡಕೆಯ ಮೇಲೆ ಗೆರೆ ಎಳೆಯುವ ಬಗೆ ಹೇಳಿದಳು. ಚರ್ಚಿನ ಮುದುಕನೊಬ್ಬ ತಾನು ಗಣಿಯಲ್ಲಿದ್ದಾಗಿನ ಕಥೆ ಹೇಳಿದ, ಅರ್ಧ ಸುಳ್ಳು. ಮಕ್ಕಳು ಒಗಟು ಕೊಟ್ಟವು, ಉತ್ತರ ಮುಂದಿನ ಸಲ. ಉತ್ತರ ತಿಳಿಯುವ ತನಕ ದೊಡ್ಡವರಿಗೇ ನಿದ್ದೆ ಇಲ್ಲ.

ಹಾಳೆ ಮಡಚಲು ನುಣುಪಾದ ನೆಲ ಬೇಕು. ಊರಲ್ಲಿ ಸಿಮೆಂಟು ಜಗಲಿ ಇದ್ದದ್ದು ಎರಡೇ ಕಡೆ. ಚರ್ಚಿಗೆ ಬೀಗ. ಇನ್ನೊಂದು ನಮ್ಮ ಭಾವನ ಮಿಲ್ಲು. ಶನಿವಾರ ಶನಿವಾರ ಹೆಂಗಸರು ಅಲ್ಲಿ ಬಂದು ಕೂರತೊಡಗಿದರು. ಹೊಳೆಯಾಚೆಯವರು, ಈಚೆಯವರು, ಮುಖ ನೋಡದೆ ಎಷ್ಟೋ ಕಾಲವಾಗಿದ್ದವರು. ಕಾಲು ಚಾಚಿ, ಮಡಿಲಲ್ಲಿ ಕೂಸು, ಕೈಯಲ್ಲಿ ಹಾಳೆ. ಅಂಚು ಸರಿಯಾಗಿ ಒತ್ತಲು ಚಮಚದ ಬೆನ್ನು.

"ಹಿಟ್ಟಿನ ಮಿಲ್ಲು ಕಾಗದದ ಮಿಲ್ಲಾಯ್ತು" ಅಂತ ಭಾವ ಇಂಜಿನ್ನಿನ ಪಕ್ಕ ಬೆನ್ನು ತಿರುಗಿಸಿ ಕೂತು ಎಣ್ಣೆ ಹಾಕುತ್ತಿದ್ದ. ಓಡದ ಇಂಜಿನ್ನಿಗೆ ವಾರವಾರ ಎಣ್ಣೆ.

"ಅಳಿಯಾ, ಸ್ವಲ್ಪ ಆ ಕಡೆ ಸರ್ಕೊಳ್ಳಿ, ಬೆಳಕು ಬರ್ಲಿ" ಅಂತ ಯಾರೋ ಅಂದರು ಒಂದು ಶನಿವಾರ. ಎರಡು ವರ್ಷದಲ್ಲಿ ಊರು ಅವನ ಜೊತೆ ಆಡಿದ ಮೊದಲ ಮಾತು. ಭಾವ ಎದ್ದು ಸರಿದ. ಸರಿದವನು ಹೊರಗೆ ಹೋಗಲಿಲ್ಲ, ಬಾಗಿಲ ಬಳಿ ಕೂತ. ಮ್ವಾಯಿ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ.

ಇಷ್ಟೆಲ್ಲ ಆಗುತ್ತಿತ್ತು, ಊಟ ಮಾತ್ರ ಆಗುತ್ತಿರಲಿಲ್ಲ. ಅಕ್ಕ ಪ್ರತಿ ಶನಿವಾರವೂ ಬೆಳಿಗ್ಗೆಯಿಂದ ಒಲೆ ಮುಂದೆ ಕೂರುತ್ತಿದ್ದಳು. ಜೋಳದ ಹಿಟ್ಟಿನ ಬಿಸಿ ನ್ಸಿಮಾ ಮುದ್ದೆ, ಕಡಲೇಕಾಯಿ ಪುಡಿ ಹಾಕಿದ ಕುಂಬಳ ಸೊಪ್ಪು, ಬೇಯಿಸಿದ ಕಾಳು. ನಾನು ಹೊತ್ತುಕೊಂಡು ಹೋಗಿ ಜಗಲಿಯ ನಡುವೆ ಇಡುತ್ತಿದ್ದೆ, ಮ್ವಾಯಿ ಕೈ ತೊಳೆಸಲು ನೀರಿನ ಜಗ್ಗು ಹಿಡಿದು ಮಂಡಿಯೂರುತ್ತಿದ್ದಳು. "ಆಗ್ಲೇ ತಿಂದು ಬಂದೆ ಕಣಮ್ಮಾ" ಅನ್ನುವರು. "ಹೊಟ್ಟೆ ಸರಿ ಇಲ್ಲ" ಅನ್ನುವರು. ಆಮೇಲೆ ಮಿಲ್ಲಿನ ಬೇಲಿಯಾಚೆ ಹೋಗಿ, ಮಡಿಲಿಂದ ಸುಟ್ಟ ಗೆಣಸು ತೆಗೆದು ತಿನ್ನುವರು. ನನಗೆ ರೇಗುತ್ತಿತ್ತು, ಆದರೆ ಊರು ಹಾಕಿದ ಕಟ್ಟು, ಅವರಾದರೂ ಏನು ಮಾಡಿಯಾರು?

ಅಡುಗೆಮನೆಯಿಂದ ಅಕ್ಕ ಕೂಗುವಳು. "ಡೊರಿಕಾ, ಎಷ್ಟು ಮಿಕ್ತು?"

"ಸ್ವಲ್ಪ ಮಿಕ್ತು."

"ಸುಳ್ಳು ಹೇಳ್ಬೇಡ."

"ಎಲ್ಲಾ ಮಿಕ್ತು."

ಸಂಜೆ ಅದನ್ನೇ ನಾವು ಐವರು ತಿನ್ನುತ್ತಿದ್ದೆವು. ಗಟ್ಟಿಯಾದ ನ್ಸಿಮಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಥ ಒಂದು ಸಂಜೆ ಮ್ವಾಯಿ ಶುರು ಮಾಡಿದಳು.

"ಅಪ್ಪ, ಒಂದು ಮೇಕೆ ಕೊಟ್ಟು ಮುಗ್ಸಿ."

"ಉಣ್ಣೋವಾಗ ಮೇಕೆ ಮಾತು ಬೇಡ."

"ಅಮ್ಮ ವಾರವಾರ ಬೇಯಿಸಿ ಸಾಯ್ತಿದ್ದಾಳೆ."

"ಬೇಯಿಸು ಅಂತ ನಾನು ಹೇಳಿದ್ನಾ?"

"ಅವತ್ತು ಬೀಸು ಅಂತ ನಾನು ಹೇಳಿದ್ದಲ್ವಾ" ಅಂದಳು ಅಕ್ಕ ನಿಧಾನವಾಗಿ. "ಮ್ವಾಯಿ, ನನಗೂ ಒಂದು ಪುಟ ಕೊಡು. ಒಂದು ಮನೆಗೆ ಒಂದು ಪುಟ ಅಂದ್ಯಲ್ಲ. ನಮ್ಮನೆ ಪುಟ ಇನ್ನೂ ಬಂದಿಲ್ಲ."

ಭಾವನ ಕೈ ತಟ್ಟೆಯಲ್ಲೇ ನಿಂತಿತು. "ಏನು ಬರಿಸ್ತೀಯ?"

"ನನಗೆ ಗೊತ್ತಿರೋದು."

"ಬೇಡ ಫಲೇಸಿ. ಊರೆಲ್ಲ ಓದುತ್ತೆ. ಬಿಜಿವೆಕಿ ಹೆಂಡ್ತಿ ಬೆನ್ನ ಹಿಂದೆ ಅವಿತ್ಕೊಂಡ ಅಂತಾರೆ. ನಾನು ಎರಡು ವರ್ಷ ಬಾಯಿ ಮುಚ್ಕೊಂಡಿದ್ದು ಯಾಕೆ? ನಿನ್ನ ಹೆಸ್ರು ಪಂಚಾಯ್ತಿಲಿ ಎಳೀಬಾರ್ದು ಅಂತ."

"ನಿಮ್ಮ ಮರ್ಯಾದೆ, ನನ್ನ ಮರ್ಯಾದೆ ಎರಡನ್ನೂ ಉಳ್ಸಿ, ನನ್ನನ್ನ ನಾಯಿ ಹೂಳೋ ಹಾಗೆ ಹೂಳ್ತೀರಾ?"

ಭಾವ ಎದ್ದು ಹೋದ. ಅವ್ವ ಮಾತ್ರ ತಟ್ಟೆ ಒರೆಸಿ ತಿಂದು, "ಬರಿ ಮಗಾ, ನಿಮ್ಮಮ್ಮ ಹೇಳಿದ್ದನ್ನ ಹೇಳಿದ ಹಾಗೇ ಬರಿ" ಅಂದಳು.

ಅಕ್ಕನ ಪುಟದಲ್ಲಿ ಚಿತ್ರವಿರಲಿಲ್ಲ. ಒಂದು ತಟ್ಟೆಯ ಗೋಲ ಗೆರೆ ಅಷ್ಟೇ. ಒಳಗೆ ಹೀಗೆ ಇತ್ತು: "ಸಾವಿನ ಮನೆಗೆ ಹಿಟ್ಟು ಒಯ್ಯುವ ಬಗೆ. ತಟ್ಟೆ ತೊಳೆದು ಒಣಗಿಸಿ. ಹಿಟ್ಟು ತಟ್ಟೆಯ ಅಂಚಿಗೆ ಸಮ ಇರಲಿ, ಗುಡ್ಡೆ ಹಾಕಬೇಡಿ, ಬಡವರಿಗೆ ನೋವಾಗುತ್ತದೆ. ಬಟ್ಟೆ ಮುಚ್ಚಿ ಒಯ್ಯಿರಿ. ಹಿಟ್ಟು ಹಿಂದಿನ ದಿನವೇ ಬೀಸಿಟ್ಟಿರಲಿ, ಸಾವು ಹೇಳಿ ಬರುವುದಿಲ್ಲ. ಯಾಕೋಬೆಯ ತಾಯಿ ಹೋದ ದಿನ ನನ್ನ ಮನೆಯಲ್ಲಿ ಹಿಟ್ಟಿರಲಿಲ್ಲ. ಆಕೆಗೆ ಒಯ್ಯಲು ಅಂತ ನಾನೇ ಗಂಡನ ಕೈಲಿ ಬೀಸಿಸಿದೆ. ಫಲೇಸಿ."

ಆ ಶನಿವಾರ ಜಗಲಿಯಲ್ಲಿ ಯಜಮಾನರ ಮೊಮ್ಮಗ ಗಟ್ಟಿಯಾಗಿ ಓದಿದ. ಕೊನೆಯ ಸಾಲಿಗೆ ಬಂದಾಗ ಅವನ ದನಿ ತಾನೇ ಇಳಿಯಿತು. ಚಮಚಗಳು ಮತ್ತೆ ಹಾಳೆಯ ಮೇಲೆ ಓಡತೊಡಗಿದವು. ಯಾಕೋಬೆಯ ಸೊಸೆ ತನ್ನ ಪಾಲಿನ ಪ್ರತಿಯ ಜೊತೆ ಮಾವನಿಗೂ ಒಂದು ತೆಗೆದುಕೊಂಡಳು. ನಾನು ನ್ಸಿಮಾ ತಂದಿಟ್ಟೆ. ಒಬ್ಬಳು ತಟ್ಟೆಯ ಕಡೆ ನೋಡಿ ಕಣ್ಣೊರೆಸಿಕೊಂಡಳು. ತಿನ್ನಲಿಲ್ಲ.

"ಎಷ್ಟು ಮಿಕ್ತು?" ಅಂತ ಕೂಗು ಬಂತು. ನಾನು ತಟ್ಟೆಗೆ ಬಟ್ಟೆ ಮುಚ್ಚಿದೆ.

ಮೂರು ದಿನ ಭಾವ ಮನೆಯಲ್ಲಿ ಮಾತು ಬಿಟ್ಟಿದ್ದ. ನಾಲ್ಕನೆಯ ದಿನ ಎದ್ದು, ಹಿತ್ತಿಲಲ್ಲಿದ್ದ ಕಪ್ಪು ಹೋತದ ಕೊರಳಿಗೆ ಹಗ್ಗ ಹಾಕಿದ. ಅದರ ಮೇಲೆ ಅವನಿಗೆ ಪ್ರೀತಿ, ನನಗೆ ಗೊತ್ತು.

"ಎಲ್ಲಿಗೆ ಭಾವ?"

"ಯಜಮಾನರ ಮನೆಗೆ. ಇನ್ನೆಲ್ಲಿಗೆ" ಅಂತ ಸಿಡುಕಿದ.

ನಾನೂ ಹಿಂದೆಯೇ ಹೋದೆ. ಯಜಮಾನರು ಹೋತವನ್ನು ತಮ್ಮ ಅಂಗಳದಲ್ಲಿ ಕಟ್ಟಿಸಿದರು. "ಒಳ್ಳೇದಾಯ್ತು ಅಳಿಯಾ. ಆದ್ರೆ ಯಾಕೋಬೆ ಇಲ್ಲದೆ ಕಡಿಯೋ ಹಾಗಿಲ್ಲ. ಅವನು ತಂಗಿ ಊರಿಗೆ ಹೋಗಿದ್ದಾನೆ. ಭಾನುವಾರ ಚರ್ಚು ಮುಗಿದ ಮೇಲೆ ಎಲ್ಲಾ ನಿಮ್ಮ ಅಂಗಳಕ್ಕೇ ಬರ್ತೀವಿ. ಎರಡು ವರ್ಷ ಕಾದಿದ್ದೀಯ, ಇನ್ನು ನಾಲ್ಕೈದು ದಿನ ಕಾಯಿ."

ಅಕ್ಕನಿಗೆ ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಬಾತ ಕಾಲು ಮರೆತು ಎದ್ದಳು. "ನಿನ್ನ ದೊಡ್ಡ ಪಾತ್ರೆ ಕೊಡೇ, ನಮ್ಮದು ಸಾಲಲ್ಲ. ಊರೆಲ್ಲ ಬರುತ್ತೆ" ಅಂದಳು. ಮದುವೆ ಮನೆಯವಳ ಸಡಗರ. ಮಸಿ ಹಿಡಿದ ಆ ಪಾತ್ರೆಯನ್ನು ಮರಳು, ಬೂದಿ ಹಾಕಿ ಒಂದು ಹಗಲಿಡೀ ಉಜ್ಜಿದಳು. ಬಿಡು ನಾನು ಉಜ್ಜುತ್ತೇನೆ ಅಂದರೆ ನನ್ನ ಕೈ ತಳ್ಳಿದಳು. ಭಾವ ಯಾಕೋಬೆಯ ಪಕ್ಕ ಕೂರಬೇಕು, ಅವ್ವನಿಗೆ ಮೆತ್ತನೆಯ ಮಾಂಸ ತೆಗೆದಿಡಬೇಕು, ಮ್ವಾಯಿ ಆ ದಿನದ್ದನ್ನೆಲ್ಲ ಮುಂದಿನ ಪುಸ್ತಕಕ್ಕೆ ಬರೆಯಬೇಕು. ಹೇಳಿದ್ದೇ ಹೇಳಿದಳು.

ಗುರುವಾರ ಬಿಸಿಲೇರಿದ ಹೊತ್ತಲ್ಲಿ ಚಾಪೆಯ ಮೇಲೆ ಕಾಳು ಹರವುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ನಾನು ಕುಂಬಳ ಬಳ್ಳಿ ದಾಟಿ ಓಡುವಷ್ಟರಲ್ಲಿ ಮುಗಿದಿತ್ತು. ಭಾನುವಾರಕ್ಕೆ ಕಾಯದೆ ಹೋದಳು ನನ್ನಕ್ಕ. ಅವಳ ಮುಷ್ಟಿಯಲ್ಲಿ ಹಿಡಿ ಕಾಳು ಹಾಗೇ ಇತ್ತು, ಬಿಡಿಸಲು ನನ್ನ ಕೈಲಾಗಲಿಲ್ಲ.

ಸಾವನ್ನು ಮೊದಲು ಯಜಮಾನರಿಗೆ ಹೇಳಬೇಕು, ಮ್ವಾಯಿ ಅಳುತ್ತಲೇ ಓಡಿದಳು. ಭಾವ ಹೆಂಡತಿಯನ್ನು ಒಳಗೆ ಎತ್ತಿ ಮಲಗಿಸಿ, ಗುದ್ದಲಿ ತೆಗೆದ. ನಮ್ಮಲ್ಲಿ ಗಂಡ ಹೆಂಡತಿಗೆ ಗುಂಡಿ ತೋಡುವುದುಂಟೇ? ಅದಕ್ಕಿಂತ ದೊಡ್ಡ ಅವಮಾನ ಆ ಹೆಂಗಸಿಗೆ ಇನ್ನಿಲ್ಲ. ಇಷ್ಟು ವರ್ಷದಲ್ಲಿ ಅಳಿಯನ ಮುಖ ನೇರ ನೋಡಿ ಮಾತಾಡದ ನಮ್ಮ ಅವ್ವ ಹೋಗಿ ಗುದ್ದಲಿಯ ಹಿಡಿ ಹಿಡಿದಳು.

"ಕೂತ್ಕೋ ಅಪ್ಪಾ."

"ಇನ್ಯಾರು ಬರ್ತಾರೆ ಅತ್ತೆ? ಮೇಕೆ ಇನ್ನೂ ಗೂಟದಲ್ಲೇ ಇದೆ. ಇನ್ಯಾರು ಬರ್ತಾರೆ?"

"ಕೂತ್ಕೋ. ಬರ್ದಿದ್ರೆ ಆಮೇಲೆ ನಾನೇ ತೋಡ್ತೀನಿ."

ಭಾವ ಬಾಗಿಲಲ್ಲಿ ಕುಸಿದು ಕೂತು ಅತ್ತ. ಗಂಡಸು ಅಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನು ಅಕ್ಕನ ತಲೆ ಬಾಚಿದೆ. ಹೊರಗೆ ಕಿವಿಗೊಟ್ಟೆ. ಊರಲ್ಲಿ ಒಂದು ಸದ್ದಿಲ್ಲ. ಒನಕೆ ಸದ್ದಿಲ್ಲ, ಹೊಲದಲ್ಲಿ ಕೂಗಿಲ್ಲ. ಹಾಗಾದರೆ ಕೇಳಿಸಿಕೊಂಡಿದ್ದಾರೆ ಅನ್ನಿಸಿತು, ಆದರೆ ಬರುತ್ತಾರೋ ಇಲ್ಲವೋ.

ಬಂದರು. ಮಿಲ್ಲಿನ ಕಡೆಯಿಂದ ಸಾಲಾಗಿ, ತಲೆಯ ಮೇಲೆ ತಟ್ಟೆ, ತಟ್ಟೆಗೆ ಬಟ್ಟೆ. ಹೊಳೆಯಾಚೆಯವರೂ ಬಂದರು. ಎಲ್ಲರಿಗಿಂತ ಮುಂದೆ ಯಜಮಾನರ ಹೆಂಡತಿ. ತಟ್ಟೆ ಇಳಿಸಿಕೊಂಡೆ. ಹಿಟ್ಟು ಅಂಚಿಗೆ ಸಮ. ಎರಡನೆಯದೂ ಸಮ. ಒಂದರಲ್ಲೂ ಗುಡ್ಡೆ ಇರಲಿಲ್ಲ. ಸಾವಿನ ಸುದ್ದಿ ಹೊರಟು ಗಳಿಗೆ ಆಗಿಲ್ಲ, ಗುಡ್ಡ ಹತ್ತಿ ಬೀಸಿಸಿಕೊಂಡು ಬರುವಷ್ಟು ಹೊತ್ತೆಲ್ಲಿ?

"ಯಾವತ್ತಿಂದ ಇಟ್ಕೊಂಡಿದ್ರಿ ಈ ಹಿಟ್ಟು?" ಅಂದೆ.

"ಹುಡುಗ ಓದಿದ ದಿನದಿಂದ" ಅಂದರು ಆಕೆ. "ಎಲ್ಲರ ಮನೇಲೂ ಇದೆ ಡೊರಿಕಾ. ಅವಳೇ ಹೇಳಿದ್ದಳಲ್ಲ."

ನನಗೆ ತಡೆಯಲಾಗಲಿಲ್ಲ. "ಅವಳು ಸಾಯ್ತಾಳೆ ಅಂತ ಹಿಟ್ಟು ಬೀಸಿಟ್ಕೊಳ್ಳೋಕೆ ಆಯ್ತು. ಬದುಕಿದ್ದಾಗ ಅವಳು ಮಾಡಿದ್ದರಲ್ಲಿ ಒಂದು ತುತ್ತು ತಿನ್ನೋಕೆ ಆಗ್ಲಿಲ್ವಾ ನಿಮಗೆ?"

ಆಕೆ ತಲೆ ತಗ್ಗಿಸಿದರು. "ಭಾನುವಾರ ತಿನ್ನೋರಿದ್ವಿ" ಅಂದರು. ನಾನು ಆಕೆಯ ಭುಜ ಹಿಡಿದುಕೊಂಡೇ ಅತ್ತೆ. ಬೈಯುವುದಕ್ಕೂ ಅಳುವುದಕ್ಕೂ ಅವರೇ ಇದ್ದದ್ದು.

ಯಾಕೋಬೆ ಮಧ್ಯಾಹ್ನ ಬಂದ. ತಂಗಿಯ ಊರಿಗೆ ಸುದ್ದಿ ಹೋಗಿ, ಯಾರದೋ ಸೈಕಲ್ಲಿನ ಹಿಂದೆ ಕೂತು ಬಂದಿದ್ದ, ಮೈಯೆಲ್ಲ ಧೂಳು. ನೇರ ಭಾವನ ಹತ್ತಿರ ಹೋಗಿ ಪಕ್ಕದಲ್ಲಿ ಬಿದ್ದಿದ್ದ ಗುದ್ದಲಿ ಎತ್ತಿಕೊಂಡ.

"ಇದು ನಮ್ಮ ಕೆಲ್ಸ. ನೀವು ಮನೇಲಿರಿ" ಅಂದ. ಹೋಗುವಾಗ ತಿರುಗಿ, "ನಮ್ಮವ್ವನಿಗೆ ಅಂತ ಬೀಸಿದ್ದು ಅಂತ ಅವತ್ತೇ ಅಂದಿದ್ರೆ ಆಗ್ತಿತ್ತು ಅಳಿಯಾ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಭಾವ ತಲೆಯಾಡಿಸಿದ.

ಹೆಂಗಸರು ಅಕ್ಕನ ಸುತ್ತ ಕೂತು ಹಾಡು ಎತ್ತಿದರು. ಯಾಕೋಬೆಯ ತಾಯಿಗೆ ಹಾಡಿದ್ದೇ ಹಾಡು, ಅವತ್ತು ಕೇಳಿಸದೆ ಹೋದದ್ದು. ಮಿಲ್ಲು ಸುಮ್ಮನಿತ್ತು. ಗುಂಡಿ ತೋಡುವವರಿಗೂ ಅದು ಕೇಳಿಸಿತಂತೆ, ಗುದ್ದಲಿ ನಿಲ್ಲಿಸಿ ಕೇಳಿದರಂತೆ.

ಮರುದಿನ ಹೂತು ಬಂದ ಮೇಲೆ ಯಜಮಾನರು ಕಪ್ಪು ಹೋತವನ್ನು ಕಡಿಸಿದರು. ಬೇರೆ ಪಾತ್ರೆ ಹುಡುಕಬೇಕಾಗಲಿಲ್ಲ. ಅಕ್ಕ ಉಜ್ಜಿಟ್ಟದ್ದು ಅಡುಗೆಮನೆಯ ಗೋಡೆಗೆ ಒರಗಿ ಹೊಳೆಯುತ್ತಿತ್ತು. ಆ ತಟ್ಟೆಗಳ ಹಿಟ್ಟಲ್ಲೇ ನ್ಸಿಮಾ ತೊಳಸಿದೆವು. ಮ್ವಾಯಿ ಜಗ್ಗು ಹಿಡಿದು ಒಬ್ಬೊಬ್ಬರ ಮುಂದೆಯೂ ಮಂಡಿಯೂರಿದಳು, ಒಬ್ಬೊಬ್ಬರೂ ಕೈ ಚಾಚಿದರು. ಯಾಕೋಬೆ ಭಾವನ ಪಕ್ಕ ಕೂತ, ಒಂದೇ ತಟ್ಟೆಯಲ್ಲಿ ಉಂಡರು. ಅವ್ವನಿಗೆ ಮೆತ್ತನೆಯದನ್ನು ನಾನು ತೆಗೆದಿಟ್ಟಿದ್ದೆ. ಹೊಟ್ಟೆ ಸರಿ ಇಲ್ಲ ಅಂತ ಅವತ್ತು ಯಾರೂ ಅನ್ನಲಿಲ್ಲ.

ಎಲ್ಲರೂ ಎದ್ದ ಮೇಲೆ ಪಾತ್ರೆ ತೊಳೆಯಲು ಎಳೆದುಕೊಂಡೆ. ಒಳಗೆ ಸೌಟು ಆಡಿಸಿದೆ, ತಳಕ್ಕೆ ತಾಗಿ ಖಾಲಿ ಸದ್ದು ಬಂತು. ಒಂದು ತುತ್ತೂ ಉಳಿದಿರಲಿಲ್ಲ. ಕೈಯಲ್ಲಿ ಸೌಟು ಹಿಡಿದೇ ಅಡುಗೆಮನೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತಿದ್ದೆ. ಎಷ್ಟು ಮಿಕ್ತು ಅಂತ ಯಾರೂ ಕೇಳಲಿಲ್ಲ.